ಕೋಯಾಕ್ಕನ ಸೋಸಿದ ಪಟ್ಟಿಗಳು

ಬೀರಾನ್ ಕೋಯಾ ಅವರ ಕಣ್ಣು ಹನ್ನೊಂದನೆಯ ವಯಸ್ಸಿನಲ್ಲಿ ಮಂಜಾಗತೊಡಗಿ, ಹತ್ತೊಂಬತ್ತು ತುಂಬುವಷ್ಟರಲ್ಲಿ ಪೂರ್ತಿ ಹೋಯಿತು. ಅದರ ಮರುವರ್ಷವೇ ವಡಗರದ ಕಡೆಯ ಒಂದು ಆಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರ್ ಕೆಲಸ ಸಿಕ್ಕಿತು. ಇಪ್ಪತ್ತಾರು ವರ್ಷ ಅಲ್ಲೇ ಕೂತರು. ಯಾವ ವಾರ್ಡಿಗೆ ಯಾವ ನಂಬರು, ಯಾವ ಡಾಕ್ಟರರ ಮನೆಯ ಫೋನು ಯಾವುದು, ಯಾವ ಡಾಕ್ಟರರನ್ನು ಎಷ್ಟು ಗಂಟೆಯ ಮೇಲೆ ಕರೆಯಬಾರದು, ಎಲ್ಲವೂ ತಲೆಯಲ್ಲೇ. ಫೋನನ್ನು ತಾನೇ ಕೂಡಿಸಿಕೊಡುವ ಯಂತ್ರ ಬಂದ ಮೇಲೆ ಅವರ ಕುರ್ಚಿಯನ್ನು ತೆಗೆದರು. ಕೋಯಾಕ್ಕ (ನಮ್ಮ ಕಡೆ 'ಇಕ್ಕ' ಎಂದರೆ ಅಣ್ಣ) ಎರಡು ತಿಂಗಳು ಮನೆಯಲ್ಲಿ ಕೂತು ಹೆಂಡತಿಯ ಅಡುಗೆಯಲ್ಲಿ ತಪ್ಪು ಹುಡುಕುತ್ತಿದ್ದರಂತೆ. ಮೂರನೆಯ ತಿಂಗಳು ಆಕೆಯೇ ಅವರ ಕೈಹಿಡಿದು ತಂದು ನಮ್ಮಲ್ಲಿ ಬಿಟ್ಟರು.

ನಮ್ಮದು ಊರಿನ ವಾಚನಾಲಯದ ಮಾಳಿಗೆಯ ಮೇಲೆ ಎರಡು ಕೋಣೆಯ ಪಾಲಿಯೇಟಿವ್ ಕ್ಲಿನಿಕ್. ಹಾಸಿಗೆ ಹಿಡಿದವರ, ಆಸ್ಪತ್ರೆಯವರು ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದು ಕಳಿಸಿದವರ ಮನೆಗೆ ನಾವು ಹೋಗುತ್ತೇವೆ. ಒಂದು ಜೀಪು, ಅದಕ್ಕೆ ದಾಸನ್ ಡ್ರೈವರ್. ನರ್ಸ್ ನಾನು, ಪ್ರಸೀತ. ವಾರಕ್ಕೆ ಎರಡು ದಿನ ಬರುವ ಡಾಕ್ಟರು, ಸಂಬಳವಿಲ್ಲದೆ ದುಡಿಯುವ ಊರಿನ ನಲವತ್ತು ಜನ. ಯಾವ ದಿನ ಯಾರ ಮನೆಗೆ ಹೋಗಬೇಕು, ಏನು ಒಯ್ಯಬೇಕು ಎಂದು ಹೇಳುವುದು ಕೋಯಾಕ್ಕನ ಕೆಲಸ.

ಆಗ ಅರವತ್ತು ರೋಗಿಗಳಿದ್ದರು. ಬೆಳಿಗ್ಗೆ ನಾನು ಚೀಲ ಹೆಗಲಿಗೆ ಹಾಕಿಕೊಂಡು ನಿಂತರೆ ಕೋಯಾಕ್ಕ ಸುಲೈಮಾನಿ ಚಹಾ ಹೀರುತ್ತ ಹೇಳುತ್ತಿದ್ದರು: "ಮೊದಲು ಕಣಿಯಾಂಕಂಡಿ, ಬೆನ್ನ ಹುಣ್ಣು. ಅಲ್ಲಿಂದ ತೆಕ್ಕೆಪರಂಬ್, ಮೂತ್ರದ ಟ್ಯೂಬು. ಆ ಮನೆ ನಾಯಿ ಕಚ್ಚಲ್ಲ, ಸೊಸೆ ಕಚ್ತಾಳೆ, ಹುಷಾರು." ಒಂದು ಕಾಗದವಿಲ್ಲ, ಒಂದು ತಪ್ಪಿಲ್ಲ.

ಹೊಳೆಯಾಚೆಯ ನಾಲ್ಕು ಪಂಚಾಯಿತಿ ವಾರ್ಡುಗಳೂ ನಮಗೆ ಸೇರಿದ ಮೇಲೆ ರೋಗಿಗಳು ಇನ್ನೂರ ಮೂವತ್ತಾದರು. ಟ್ಯೂಬು, ಹುಣ್ಣು, ನೋವಿನ ಮಾತ್ರೆ, ಕೊಟ್ಟ ಗಾಳಿಹಾಸಿಗೆ ವಾಪಸು ತರುವುದು, ಹಾಸಿಗೆ ಹಿಡಿದವರ ಮಕ್ಕಳಿಗೆ ಪುಸ್ತಕ ಕೊಡಿಸುವುದು, ಕೆಲವು ಮನೆಗೆ ಮೂರು ಮೂರು ಕೆಲಸ. ಒಂದು ದಿನ ಕೋಯಾಕ್ಕ ಒಂದೇ ಮನೆಯನ್ನು ಎರಡು ಸಲ ಹೇಳಿದರು. ಅವರಿಗೂ ಗೊತ್ತಾಯಿತು. ಅಂದೇ ಮಧ್ಯಾಹ್ನ ತೃಶ್ಶೂರಿಗೆ ಫೋನು ಹಚ್ಚಿದರು.

ತೃಶ್ಶೂರಿನ ಔಸೇಪ್ ಮಾಷ್ ಅಂಧರ ಶಾಲೆಯಲ್ಲಿ ಕೋಯಾಕ್ಕನ ಜೊತೆ ಓದಿ, ಅದೇ ಶಾಲೆಯಲ್ಲಿ ಮೇಷ್ಟರಾಗಿ ನಿವೃತ್ತರಾದವರು. ಅವರಿಗೂ ಕಣ್ಣಿಲ್ಲ. ಮರುವಾರ ರೈಲಿನಲ್ಲಿ ಬಂದು, ಬಿಳಿ ಕೋಲು ತಟ್ಟುತ್ತ ನಮ್ಮ ಮೆಟ್ಟಿಲು ಹತ್ತಿದರು. ಚೀಲದಲ್ಲಿ ಹಳೆಯ ಲ್ಯಾಪ್‌ಟಾಪ್.

"ಏನಯ್ಯಾ ಕೋಯಾ, ತಲೆ ತುಂಬಿ ಚೆಲ್ತಿದೆಯಂತೆ?"

"ಚೆಲ್ತಿರೋದು ನಿನ್ನ ಬಾಯಿ ಮಾಷೇ. ಮೊದಲು ಕೂತ್ಕೋ."

ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಬರೀ ಅಕ್ಷರ ಬರೆಯುವ ಒಂದು ಸಾದಾ ಎಡಿಟರ್. ಚಿತ್ರವಿಲ್ಲ, ಗುಂಡಿಯಿಲ್ಲ, ಮೌಸ್ ಹಿಡಿದು ಎಳೆದಾಡುವ ಗೋಜಿಲ್ಲ. ಬೆರಳು ಒತ್ತಿದ್ದನ್ನು, ಬರೆದದ್ದನ್ನು, ಎಲ್ಲವನ್ನೂ ಒಂದು ಗಂಡುದನಿ ಓದಿ ಹೇಳುತ್ತಿತ್ತು. ಅದು ಮಲಯಾಳಂ ಓದುವುದನ್ನು ಕೇಳಿ ದಾಸನ್ ಮೊದಲ ದಿನವೇ ಅದಕ್ಕೆ 'ಸಾಯಿಪ್ಪು' ಎಂದು ಹೆಸರಿಟ್ಟ. ನಿನ್ನೆ ಹಡಗಿನಿಂದ ಇಳಿದು ಇವತ್ತು ನಮ್ಮ ಭಾಷೆ ಕಲಿತ ಬಿಳಿ ದೊರೆಯ ಹಾಗೆಯೇ ಅದು ಮಾತಾಡುತ್ತಿತ್ತು.

ಮಾಷ್ ಮೂರು ದಿನ ಉಳಿದರು. ಒಂದೇ ಒಂದು ಕಡತ, ಒಂದು ಕೆಲಸಕ್ಕೆ ಒಂದು ಸಾಲು. ಮನೆಯ ಹೆಸರು, ರೋಗಿಯ ಹೆಸರು, ಕೆಲಸ, ವಾರ, ಹೊಳೆಯ ಯಾವ ಕಡೆ, ಕೊನೆಯ ಸಲ ಹೋದ ತಾರೀಕು, ಮುಗಿದಿದೆಯೇ ಇಲ್ಲವೇ. ಕೋಯಾಕ್ಕ ನೆನಪಿನಿಂದ ಹೇಳುತ್ತ ಹೋದರು, ಹೇಳಿದ್ದನ್ನು ತಾವೇ ಟೈಪು ಮಾಡಿದರು. ನಾನೂರಕ್ಕೆ ಹತ್ತಿರ ಸಾಲುಗಳಾದವು. ಕಣ್ಣಿದ್ದವರು ಅಷ್ಟನ್ನು ಒಂದು ನೋಟದಲ್ಲಿ ಹಾಯ್ದುಹೋಗಬಹುದು. ಸಾಯಿಪ್ಪು ಓದಲು ತೊಡಗಿದರೆ ನಲವತ್ತು ನಿಮಿಷ.

"ಎಲ್ಲಾ ಯಾಕೆ ಕೇಳ್ತೀಯ?" ಎಂದರು ಮಾಷ್. "ಇವತ್ತಿಗೆ ಬೇಕಾದ್ದು ಮಾತ್ರ ಸೋಸ್ಕೋ. ಫಿಲ್ಟರ್ ಹಾಕು. ಮಂಗಳವಾರ ಅನ್ನು, ಹೊಳೆಯಾಚೆ ಅನ್ನು, ಮುಗಿದಿಲ್ಲ ಅನ್ನು. ಉಳಿದ ಸಾಲೆಲ್ಲ ಅಡಗಿ ಕೂತ್ಕೊಳ್ತವೆ. ಹೋಗಲ್ಲ, ಅಡಗ್ತವೆ ಅಷ್ಟೆ."

ಕೋಯಾಕ್ಕ ಬೆರಳಾಡಿಸಿದರು. ಸಾಯಿಪ್ಪು ಹನ್ನೆರಡು ಮನೆ ಓದಿ ನಿಂತ. ಕೋಯಾಕ್ಕನ ಹುಬ್ಬು ಮೇಲೇರಿತು. ಅಂದು ಅವರು ಮಾಷ್‌ಗೆ ತಮ್ಮ ಮನೆಯಿಂದ ತರಿಸಿದ ಕಲ್ಲುಮ್ಮಕಾಯಿ ಚಿಪ್ಪುಮೀನನ್ನು ಪೂರ್ತಿ ಕೊಟ್ಟು ತಾವು ಬರೀ ಪತ್ತಿರಿ ಅಕ್ಕಿರೊಟ್ಟಿ ತಿಂದರು.

ಮಾಷ್ ಹೋದ ಮೇಲೆ ಒಂದು ತೊಡಕು ಕಾಣಿಸಿತು. ಎಡಿಟರು ಮುಚ್ಚಿದರೆ ಫಿಲ್ಟರೂ ಹೋಗುತ್ತಿತ್ತು. ದಿನಾ ಬೆಳಿಗ್ಗೆ ಅದೇ ಮಾತುಗಳನ್ನು ಅದೇ ಕ್ರಮದಲ್ಲಿ ಮತ್ತೆ ಬರೆಯಬೇಕು, ನಡುವೆ ಒಂದು ಚುಕ್ಕೆ ತಪ್ಪಿದರೂ ಸಾಯಿಪ್ಪು ಬಾಯಿ ಬಿಡುವುದಿಲ್ಲ. ಕೆಳಗೆ ದಾಸನ್ ಹಾರನ್ ಒತ್ತುವನು, ಮೇಲೆ ಕೋಯಾಕ್ಕ ಚುಕ್ಕೆ ಹುಡುಕುವರು. ಹತ್ತು ದಿನ ಹೀಗೆ ಹೆಣಗಿ, ಕೊನೆಗೆ ಅವರೇ ಒಂದು ಉಪಾಯ ಕಂಡುಕೊಂಡರು. ಸೋಸಿ ಬಂದ ಸಾಲುಗಳನ್ನು ನಕಲು ಮಾಡಿ ಬೇರೆ ಕಡತಕ್ಕೆ ಹಾಕಿ, 'ಮಂಗಳವಾರ' ಎಂದು ಹೆಸರಿಟ್ಟು ಉಳಿಸಿದರು. ಹಾಗೆಯೇ ಬುಧವಾರ, ಶುಕ್ರವಾರ, ಗಾಳಿಹಾಸಿಗೆ. ಮುಂದಿನ ಮಂಗಳವಾರ ಆ ಕಡತ ತೆರೆದದ್ದೇ ಸಾಯಿಪ್ಪು ಗಡಗಡ ಓದಿದ. ದಾಸನ್‌ಗೆ ಹಾರನ್ ಒತ್ತಲು ಪುರುಸೊತ್ತೇ ಸಿಗಲಿಲ್ಲ.

"ಮಾಷ್ ಹೇಳಿಕೊಡದೇ ಇದ್ದದ್ದು ಇದು," ಎಂದು ಕೋಯಾಕ್ಕ ಬೀಗಿದರು. "ನಾನೇ ಕಂಡುಹಿಡಿದೆ."

ಎರಡು ವಾರ ಸುಗಮವಾಗಿ ಹೋಯಿತು. ಮೂರನೆಯ ಮಂಗಳವಾರ ನಾವು ಹೋದ ಒಂದು ಮನೆಗೆ ಬೀಗ ಹಾಕಿತ್ತು. ಪಕ್ಕದ ಮನೆಯಾಕೆ ಬಟ್ಟೆ ಒಣಹಾಕುತ್ತ ಕೇಳಿದಳು, "ಅಜ್ಜನ್ನ ಶನಿವಾರವೇ ಪೇರಾಂಬ್ರದ ಮಗಳ ಮನೆಗೆ ಕರ್ಕೊಂಡು ಹೋದ್ರಲ್ಲ, ನಿಮಗೆ ಫೋನ್ ಮಾಡಿ ಹೇಳಿದ್ರಲ್ಲ?"

ವಾಪಸು ಬಂದು ಕೋಯಾಕ್ಕನನ್ನು ಕೇಳಿದೆ. ಅವರು ದೊಡ್ಡ ಕಡತ ತೆರೆದು ಆ ಸಾಲನ್ನು ಹುಡುಕಿದರು. 'ಮುಗಿದಿದೆ' ಎಂದು ಶನಿವಾರವೇ ಗುರುತು ಹಾಕಿದ್ದರು.

"ಮತ್ತೆ ಬೆಳಿಗ್ಗೆ ಯಾಕೆ ಓದಿತು?" ಎಂದೆ.

"ಸಾಯಿಪ್ಪಿಗೆ ಹುಚ್ಚು," ಎಂದರು ಕೋಯಾಕ್ಕ. ಅವರ ದನಿಯಲ್ಲಿ ತಮಾಷೆ ಇರಲಿಲ್ಲ. ಮಾಷ್‌ಗೆ ಫೋನ್ ಮಾಡಿ ಕೇಳಬಹುದಿತ್ತು. ತಾನೇ ಕಂಡುಹಿಡಿದದ್ದು ಎಂದು ಅಷ್ಟು ಹೇಳಿಕೊಂಡ ಮೇಲೆ ಕೇಳಲು ಅವರಿಗೆ ಮನಸ್ಸಾಗಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ, ಆ ತಪ್ಪು ನನ್ನದು.

ಅದರ ಮುಂದಿನ ವಾರದ ಬುಧವಾರ ಬೆಳಿಗ್ಗೆ ಎಂಟೂವರೆಗೆ ಒಬ್ಬ ಮುದುಕರು ಮೆಟ್ಟಿಲು ಹತ್ತಿ ಬಂದರು. ಎಂಬತ್ತರ ಹತ್ತಿರದ ವಯಸ್ಸು, ಮಡಿಚಿ ಕಟ್ಟಿದ ಬಿಳಿ ಪಂಚೆ, ಎದೆಯ ಮೇಲೆ ಮರ ಉಜ್ಜಿ ಕಪ್ಪಾದ ಹಳೆಯ ಗುರುತು. ಮೊದಲ ಬಸ್ಸು ಹಿಡಿದು ಹೊಳೆಯಾಚೆಯಿಂದ ಬಂದಿದ್ದರು. ಬಾಗಿಲಲ್ಲೇ ಕೊಡೆ ಒರಗಿಸಿ, ಚಪ್ಪಲಿ ಬಿಟ್ಟು ಒಳಗೆ ಬಂದರು.

"ಪಾಲಿಯೇಟಿವ್ ಇದೇನಾ? ನಾನು ಕಣಾರನ್. ವಾಯಕ್ಕಂಡಿ ಮನೆ. ನಿನ್ನೆ ಮಂಗಳವಾರ ತಾನೆ? ವಯಸ್ಸಾಯ್ತಲ್ಲ, ನನ್ನ ಲೆಕ್ಕ ಏನಾದ್ರೂ ತಪ್ಪಿತಾ ಅಂತ ಕೇಳೋಣ ಅಂತ ಬಂದೆ."

ಕೋಯಾಕ್ಕನ ಕೈ ಚಹಾ ಲೋಟದ ಮೇಲೆ ನಿಂತಿತು. "ತಪ್ಪಿಲ್ಲ ಕಣಾರೇಟ್ಟ. ನಿನ್ನೆ ಮಂಗಳವಾರವೇ. ಏನಾಯ್ತು?"

ಕಣಾರೇಟ್ಟ, ಎಂದರೆ ಕಣಾರನ್ ಅಣ್ಣ, ನಿಧಾನವಾಗಿ ಹೇಳಿದರು. ಹೆಂಡತಿ ಚಿರುತೆಗೆ ಲಕ್ವ ಹೊಡೆದು ಒಂದು ಬದಿ ಬಿದ್ದಿದೆ. ಆಸ್ಪತ್ರೆಯಿಂದ ಟ್ಯೂಬು ಹಾಕಿ ಕಳಿಸಿದ್ದಾರೆ. ನಮ್ಮ ಕಡೆಯವರೊಬ್ಬರು ಹಿಂದಿನ ವಾರ ಮನೆಗೆ ಬಂದು ಹೆಸರು ಬರೆದುಕೊಂಡು, ಮಂಗಳವಾರ ನರ್ಸ್ ಬಂದು ಬದಲಿಸುತ್ತಾರೆ ಎಂದಿದ್ದರು. ಅಂದು ಬೆಳಿಗ್ಗೆ ಅವರು ಜೀಪು ಅಂಗಳದವರೆಗೆ ಬರಲೆಂದು ಚರಂಡಿಯ ಮೇಲೆ ಹಲಗೆ ಹಾಸಿದರು. ಮೂರು ಜನಕ್ಕೆ ಮರಗೆಣಸು ಬೇಯಿಸಿಟ್ಟರು. ಮಧ್ಯಾಹ್ನದ ಹೊತ್ತಿಗೆ ಟ್ಯೂಬು ಕಟ್ಟಿಕೊಂಡು ಚಿರುತೆ ಹೊಟ್ಟೆನೋವಿನಿಂದ ನರಳತೊಡಗಿದರು. ಈಗ ಬರುತ್ತಾರೆ, ಈಗ ಬರುತ್ತಾರೆ ಎಂದು ನಾಲ್ಕು ಗಂಟೆಯವರೆಗೆ ಕಾದು, ಆಮೇಲೆ ನೆರೆಯವರು ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದು ಬದಲಿಸಿಕೊಂಡು ಬಂದರು.

"ಫೋನ್ ಮಾಡಬಹುದಿತ್ತಲ್ಲ," ಎಂದೆ.

"ಕೆಲಸದ ಮೇಲೆ ಇರೋರಿಗೆ ಯಾಕೆ ತೊಂದ್ರೆ ಅಂತ."

ಕೋಯಾಕ್ಕ ದೊಡ್ಡ ಕಡತ ತೆರೆದರು. ಸಾಯಿಪ್ಪು ಓದಿದ: ವಾಯಕ್ಕಂಡಿ, ಚಿರುತೆ, ಟ್ಯೂಬು, ಮಂಗಳವಾರ, ಹೊಳೆಯಾಚೆ. ಸಾಲು ಅಲ್ಲೇ ಇತ್ತು. ಅವರೇ ಬರೆದದ್ದು. ಆಮೇಲೆ 'ಮಂಗಳವಾರ' ಎಂಬ ಕಡತ ತೆರೆದು ಮೊದಲಿನಿಂದ ಕೊನೆಯವರೆಗೆ ಕೇಳಿಸಿಕೊಂಡರು. ಹನ್ನೆರಡು ಮನೆ. ಬೀಗ ಹಾಕಿದ ಮನೆಯೂ ಇತ್ತು. ವಾಯಕ್ಕಂಡಿ ಇರಲಿಲ್ಲ.

ಲ್ಯಾಪ್‌ಟಾಪ್ ಮುಚ್ಚಿ ನನ್ನ ಕಡೆ ಮುಖ ತಿರುಗಿಸಿದರು. "ಸಿಸ್ಟರೇ, ಇವತ್ತು ಜೀಪಲ್ಲಿ ನನಗೂ ಒಂದು ಜಾಗ ಇದೆಯಾ?"

ಏಳು ವರ್ಷದಲ್ಲಿ ಅವರು ಒಂದು ಮನೆಗೂ ಬಂದಿರಲಿಲ್ಲ. ಎಲ್ಲ ಮನೆಯ ದಾರಿಯೂ ಗೊತ್ತು, ಯಾವ ತಿರುವಿನಲ್ಲಿ ಹಲಸಿನ ಮರ, ಎಲ್ಲಿ ಕಾಲುಸಂಕ ಎಂದೆಲ್ಲ ಬಾಯಿಪಾಠ. ಕಾಲಿಟ್ಟದ್ದು ಮಾತ್ರ ಇಲ್ಲ. ಅಂದು ಕಣಾರೇಟ್ಟನ ಹೆಗಲು ಹಿಡಿದು ಹಲಗೆ ದಾಟಿ ಒಳಗೆ ಹೋದರು. ನಾನು ಚಿರುತೆಯಮ್ಮನ ಬೆನ್ನು ನೋಡಿ, ಪಕ್ಕ ತಿರುಗಿಸಿ, ದಿಂಬು ಸರಿಮಾಡಿದೆ. ಕೋಯಾಕ್ಕ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು ಕೈ ಮುಂದೆ ಮಾಡಿದರು. ಚಿರುತೆಯಮ್ಮ ಚೆನ್ನಾಗಿದ್ದ ಕೈಯಿಂದ ಅದನ್ನು ಹಿಡಿದರು.

"ನಿನ್ನೆ ನಿಮಗೆ ನೋವಾಗಿದ್ದು ನನ್ನಿಂದ ಅಮ್ಮಾ," ಎಂದರು ಕೋಯಾಕ್ಕ. "ಪಟ್ಟಿ ನೋಡ್ಕೊಳ್ಳೋನು ನಾನು. ನಿಮ್ಮ ಹೆಸರು ಬಿಟ್ಟುಹೋಯ್ತು."

ಚಿರುತೆಯಮ್ಮನ ಮಾತು ತೊದಲು. ಅವರು ಕೋಯಾಕ್ಕನ ಮುಖವನ್ನೇ ನೋಡುತ್ತಿದ್ದು, ಬಿಡಿಸಿ ಬಿಡಿಸಿ ಕೇಳಿದರು, "ನಿನಗೆ ಕಣ್ಣು ಕಾಣಲ್ವಾ?"

"ಇಲ್ಲಮ್ಮ."

"ಪಾಪ. ಮನೇಲಿ ಯಾರಿದಾರೆ? ಊಟ ಯಾರು ಹಾಕ್ತಾರೆ?"

ಹೆಂಡತಿ ಇದ್ದಾಳೆ, ಚೆನ್ನಾಗಿ ಹಾಕುತ್ತಾಳೆ ಎಂದರು ಕೋಯಾಕ್ಕ, ಆ ಕೈಯನ್ನು ಬಿಡದೆ.

ಹೊರಗೆ ಜಗಲಿಯಲ್ಲಿ ಕಣಾರೇಟ್ಟ ಚಹಾ ಕೊಟ್ಟರು. "ನಾನು ಮೂವತ್ತೈದು ವರ್ಷ ಕಳ್ಳು ಇಳಿಸಿದೋನು, ಕೋಯಾ. ದಿನಕ್ಕೆ ಹದಿನಾಲ್ಕು ಮರ. ಒಂದೊಂದು ದಿನ ಒಂದು ಮರ ಮರೆತೇ ಹೋಗ್ತಿತ್ತು. ಮಾರನೇ ದಿನ ಹತ್ತಿದ್ರೆ ಮಡಕೇಲಿ ಹುಳಿ. ಅದನ್ನ ಚೆಲ್ಲಿ, ಮಡಕೆ ತೊಳೆದು ಮತ್ತೆ ಕಟ್ತಿದ್ದೆ. ಇನ್ನೇನು ಮಾಡೋಕಾಗ್ತದೆ? ಮುಂದಿನ ಸಲ ಬನ್ನಿ, ಅಷ್ಟೆ."

ಕ್ಲಿನಿಕ್ಕಿಗೆ ಮರಳಿದ ಕೂಡಲೇ ಕೋಯಾಕ್ಕ ಔಸೇಪ್ ಮಾಷ್‌ಗೆ ಫೋನ್ ಮಾಡಿ, ನಾವೂ ಕೇಳಲಿ ಎಂದು ಸ್ಪೀಕರ್ ಹಾಕಿದರು. ಬಚ್ಚಿಡದೆ ಎಲ್ಲ ಹೇಳಿದರು, ತಾನು ಕಂಡುಹಿಡಿದ ಉಪಾಯವನ್ನೂ. ಆ ಕಡೆಯಿಂದ ಮಾಷ್ ಹೇಳಿದರು:

"ಕೋಯಾ, ಬೂತಾಯಿ ಮೀನಿಗೆ ಉಪ್ಪು ಹಾಕಿ ಒಣಗಿಸಿ ಡಬ್ಬಿಲಿ ಇಟ್ಟಿದೀಯ. ಈಗ ಅದು ಈಜಲಿಲ್ಲ ಅಂತ ಅಳ್ತಿದೀಯ."

"ಬೈಯೋದಾದ್ರೆ ಬೈದುಬಿಡು. ಒಗಟು ಹೇಳಬೇಡ."

"ನೀನು ಉಳಿಸಿರೋದು ಆ ದಿನ ಬಂದ ಉತ್ತರ. ಅದು ಅವತ್ತಿಗೇ ಸತ್ತುಹೋಯ್ತು. ದೊಡ್ಡ ಕಡತದಲ್ಲಿ ಆಮೇಲೆ ನೀನು ಏನು ಬರೆದ್ರೂ ಅದಕ್ಕೆ ಗೊತ್ತಾಗಲ್ಲ. ಉಳಿಸಬೇಕಾದ್ದು ಪ್ರಶ್ನೆ. ಮಂಗಳವಾರ, ಹೊಳೆಯಾಚೆ, ಮುಗಿದಿಲ್ಲ, ಈ ಮೂರು ಮಾತು. ಅದಕ್ಕೊಂದು ಹೆಸರಿಟ್ಟು ಉಳಿಸಿದ್ರೆ, ತೆರೆದಾಗಲೆಲ್ಲ ಎಡಿಟರು ಹೊಸದಾಗಿ ಹೋಗಿ ದೊಡ್ಡ ಕಡತನ ಕೇಳ್ಕೊಂಡು ಬರ್ತದೆ. ಇದು ಮೊದಲೇ ಅದರಲ್ಲಿದೆ. ನಿನಗೆ ಹೇಳಿಕೊಡದೆ ರೈಲು ಹತ್ತಿದ್ದು ನನ್ನ ತಪ್ಪು."

"ನಿನ್ನ ತಪ್ಪು ಆಮೇಲೆ ನೋಡೋಣ. ಯಾವ ಕೀಲಿ ಒತ್ತಬೇಕು ಹೇಳು."

ಮಾಷ್ ಹೇಳಿದರು, ಕೋಯಾಕ್ಕ ಒತ್ತಿದರು. ಫಿಲ್ಟರಿಗೆ ಹೆಸರಿಟ್ಟು ಉಳಿಸಿ, ಎಡಿಟರನ್ನು ಪೂರ್ತಿ ಮುಚ್ಚಿ, ಮತ್ತೆ ತೆರೆದರು. ಹೆಸರು ಕರೆದದ್ದೇ ಸಾಯಿಪ್ಪು ಪಟ್ಟಿ ಓದಿದ. ಬೀಗದ ಮನೆ ಇರಲಿಲ್ಲ. ವಾಯಕ್ಕಂಡಿ ಇತ್ತು. ಆದರೂ ಕೋಯಾಕ್ಕ ನಂಬಲಿಲ್ಲ. ದೊಡ್ಡ ಕಡತಕ್ಕೆ ಹೋಗಿ ಏನೋ ಒಂದು ಸಾಲು ಸೇರಿಸಿ ಬಂದು, ಪಟ್ಟಿಯನ್ನು ಮತ್ತೆ ತೆರೆದರು. ಸಾಯಿಪ್ಪು ಕೊನೆಯಲ್ಲಿ ಗಂಭೀರವಾಗಿ ಓದಿದ: "ತೃಶ್ಶೂರು, ಔಸೇಪ್ ಮಾಷ್, ನಾಲಿಗೆಗೆ ಹುಣ್ಣು, ಮಂಗಳವಾರ, ಹೊಳೆಯಾಚೆ."

ದಾಸನ್ ಗೋಡೆಗೆ ಒರಗಿ ನಕ್ಕ. ಫೋನಿನಲ್ಲಿ ಮಾಷ್ ಕೂಗಿದರು, "ಮುಗಿದಿದೆ ಅಂತ ಗುರುತು ಹಾಕೋ ಪಾಪಿ!"

ಗುರುತು ಹಾಕಿ ಮತ್ತೆ ತೆರೆದರು. ಮಾಷ್ ಪಟ್ಟಿಯಿಂದ ಹೋಗಿದ್ದರು. ಕೋಯಾಕ್ಕ ಆಗ ಮಾತ್ರ ಕುರ್ಚಿಗೆ ಬೆನ್ನು ಕೊಟ್ಟರು. ಆಮೇಲೆ ಒಣಗಿಸಿಟ್ಟ ನಾಲ್ಕು ಕಡತಗಳನ್ನೂ ಒಂದೊಂದಾಗಿ ಹೆಸರು ಓದಿಸಿ ಅಳಿಸಿದರು.

ಆ ದಿನದಿಂದ ಅವರ ಸ್ವಭಾವದಲ್ಲೇ ಒಂದು ಬದಲಾವಣೆ ಬಂತು. ಮೊದಲು ತನಗೆ ಏನೇನು ನೆನಪಿದೆ ಎಂಬುದೇ ಅವರಿಗೆ ದೊಡ್ಡದು. ಈಗ ತನಗೆ ಏನು ತಪ್ಪಿಹೋಗಿರಬಹುದು ಎಂದು ಯೋಚಿಸತೊಡಗಿದರು. ಒಂದು ಬೆಳಿಗ್ಗೆ ನನ್ನನ್ನು ಕೂರಿಸಿಕೊಂಡು ಹೇಳಿದರು, "ಫೋನ್ ಮಾಡೋರ ಮನೆಗೆ ನಾವು ಹೋಗೇ ಹೋಗ್ತೀವಿ. ಕಣಾರೇಟ್ಟನ ಹಾಗೆ ಸುಮ್ಮನೆ ಕೂರೋರು ಎಷ್ಟು ಜನ ಇದಾರೆ ಅಂತ ಕೇಳೋಣ." ಮುಗಿದಿಲ್ಲ, ನಲವತ್ತು ದಿನದಿಂದ ಹೋದ ತಾರೀಕಿಲ್ಲ, ಇಷ್ಟನ್ನೇ ಕೇಳುವ ಫಿಲ್ಟರ್ ಬರೆದು, 'ಯಾರೂ ಹೋಗದ ಮನೆ' ಎಂದು ಹೆಸರಿಟ್ಟು ಉಳಿಸಿದರು.

ಸಾಯಿಪ್ಪು ಒಂಬತ್ತು ಮನೆ ಓದಿದ. ನನಗೆ ಮುಖ ಎತ್ತಲಾಗಲಿಲ್ಲ. ಅದರಲ್ಲಿ ಮೂರು ಮನೆಗಳ ಮುಂದೆಯೇ ನಮ್ಮ ಜೀಪು ವಾರಕ್ಕೆರಡು ಸಲ ಹೋಗುತ್ತಿತ್ತು. ಎರಡು ದಿನದಲ್ಲಿ ಒಂಬತ್ತಕ್ಕೂ ಹೋಗಿಬಂದೆವು. ಸೊಂಟ ಮುರಿದು ಮಲಗಿದ್ದ ಒಬ್ಬ ಟೈಲರ್, "ನನಗಿಂತ ಕಷ್ಟದವರು ಇರ್ತಾರೆ, ಅವರದ್ದು ಮುಗಿಸಿ ಬರ್ತೀರಿ ಅಂದ್ಕೊಂಡೆ" ಎಂದ. ಆ ಪಟ್ಟಿಯನ್ನು ಕೋಯಾಕ್ಕ ಪ್ರತಿ ಸೋಮವಾರ ತೆರೆಯುವುದು ವಾಡಿಕೆಯಾಯಿತು. ಪಟ್ಟಿಯಲ್ಲಿ ಸಾಲೇ ಇಲ್ಲ ಎಂದು ಸಾಯಿಪ್ಪು ಹೇಳಿದ ದಿನವೂ ಅವರು ಇನ್ನೊಮ್ಮೆ ತೆರೆದು ನೋಡುತ್ತಿದ್ದರು.

ಚಿರುತೆಯಮ್ಮನ ಮನೆಗೆ ಹದಿನಾಲ್ಕು ತಿಂಗಳು ತಪ್ಪದೆ ಹೋದೆವು. ಕೊನೆಕೊನೆಗೆ ಅವರಿಗೆ ಊಟ ಸೇರುತ್ತಿರಲಿಲ್ಲ, ಆದರೆ ನೋವಿರಲಿಲ್ಲ. ಒಂದು ಗುರುವಾರ ಬೆಳಿಗ್ಗೆ ಗಂಜಿಯ ತಿಳಿ ಎರಡು ಚಮಚ ಕುಡಿದು, ಕಣಾರೇಟ್ಟ ಲೋಟ ತೊಳೆದು ಬರುವಷ್ಟರಲ್ಲಿ ಹೋಗಿದ್ದರು. ಸುದ್ದಿ ಬಂದಾಗ ಕೋಯಾಕ್ಕ ಸಾಲಿಗೆ ಮುಗಿದಿದೆ ಎಂದು ಗುರುತು ಹಾಕಿದರು. ಅಳಿಸಲಿಲ್ಲ. ಅವರು ಯಾರ ಸಾಲನ್ನೂ ಅಳಿಸುವುದಿಲ್ಲ.

"ಇಟ್ಕೊಂಡು ಏನು ಮಾಡ್ತೀರಿ?" ಎಂದು ಒಮ್ಮೆ ಕೇಳಿದ್ದೆ.

"ರೋಗಿ ಹೋದ್ರು. ಮನೆ ಹೋಯ್ತಾ?" ಎಂದಿದ್ದರು. ತೀರಿಹೋದವರ ಮನೆಯವರನ್ನು ಸೋಸುವ ಇನ್ನೊಂದು ಫಿಲ್ಟರ್ ಅವರ ಬಳಿ ಇತ್ತು. ತಿಂಗಳಿಗೊಮ್ಮೆ ತೆರೆದು, ಒಬ್ಬೊಬ್ಬರಿಗೂ ಫೋನ್ ಮಾಡಿ ಮಾತಾಡುತ್ತಿದ್ದರು. ಮಳೆ ಬಂತಾ, ಮಾವು ಹೂ ಬಿಡ್ತಾ, ಇಂಥದೇ ಮಾತು.

ಹಾಗೆ ಫೋನ್ ಮಾಡಿದ ಒಂದು ದಿನ ಕಣಾರೇಟ್ಟನ ದನಿ ಸರಿಯಿರಲಿಲ್ಲವಂತೆ. ಕೋಯಾಕ್ಕ ಸಮಾಧಾನ ಹೇಳಲು ಹೋಗಲಿಲ್ಲ. "ಕಣಾರೇಟ್ಟ, ನಿಮ್ಮ ಕಾಲು ಗಟ್ಟಿ ಇದೆಯಲ್ಲ? ಇಲ್ಲಿ ನಡೆಯೋರು ಬೇಕಾಗಿದೆ. ನಾಳೆ ಬನ್ನಿ," ಎಂದರು.

"ನನಗೆ ಓದು ಬರಹ ಬರಲ್ಲ, ಕೋಯಾ."

"ನನಗೆ ಬರತ್ತೆ. ನಿಮಗೆ ಕಣ್ಣಿದೆ. ಸಾಲದಾ?"

ಕಣಾರೇಟ್ಟ ಬಂದರು. 'ಯಾರೂ ಹೋಗದ ಮನೆ' ಪಟ್ಟಿಯಲ್ಲಿ ಹೊಳೆಯಾಚೆಯವು ಎಷ್ಟಿದ್ದರೂ ಅವರಿಗೇ. ಜೀಪು ಬೇಡ ಎನ್ನುತ್ತಿದ್ದರು, ಗದ್ದೆಯ ಬದುವಿನ ಮೇಲೆ ನಡೆದೇ ಹೋಗುತ್ತಿದ್ದರು. ಹೋದ ಮನೆಯಲ್ಲಿ ಏನು ಮಾಡುತ್ತಾರೆ ಎಂದು ನಾನು ವಿಚಾರಿಸಿದೆ. ಹೆಚ್ಚೇನಿಲ್ಲ. ಕೂರುತ್ತಾರೆ. ಹಿತ್ತಲಿನ ತೆಂಗಿನ ಮರ ನೋಡಿ ಬುಡಕ್ಕೆ ಉಪ್ಪು ಹಾಕಿ ಎನ್ನುತ್ತಾರೆ. ಮಲಗಿದವರ ಹಿಮ್ಮಡಿ ಕೆಂಪಾಗಿದೆಯೇ ಎಂದು ನೋಡಿಕೊಂಡು ಬಂದು ನನಗೆ ಹೇಳುತ್ತಾರೆ, ಅದನ್ನು ಅವರಿಗೆ ನಾನೇ ಕಲಿಸಿದ್ದು.

ಮೊದಲ ವಾರ ಅವರನ್ನು ಕಳಿಸಿದ್ದು ಆ ಟೈಲರನ ಮನೆಗೆ. ಆತ ಅಷ್ಟರಲ್ಲಿ ಬಾಗಿಲು ಹಾಕಿಸಿಕೊಂಡು ಯಾರನ್ನೂ ಒಳಗೆ ಬಿಡದೆ ಇದ್ದ. ಮಧ್ಯಾಹ್ನ ಕಣಾರೇಟ್ಟ ವಾಪಸು ಬಂದು, ಬೆವರು ಒರೆಸಿಕೊಂಡು ಕೋಯಾಕ್ಕನ ಎದುರು ಕೂತರು.

"ಒಳಗೆ ಬಿಟ್ರಾ?" ಎಂದರು ಕೋಯಾಕ್ಕ.

"ಬಿಟ್ಟ. ಮಾತಾಡಲಿಲ್ಲ. ನಾನೂ ಆಡಲಿಲ್ಲ. ಎರಡು ಗಂಟೆ ಕೂತಿದ್ದೆ. ಹೊರಡೋವಾಗ, ನಿಮ್ಮ ಅಂಗಿ ಹೆಗಲು ಹರಿದಿದೆ, ಬಿಚ್ಚಿ ಕೊಡಿ ಅಂದ. ಮಲಗಿಕೊಂಡೇ ಹೊಲಿದುಕೊಟ್ಟ."

ಕೋಯಾಕ್ಕ ಕೈಚಾಚಿ ಆ ಹೊಲಿಗೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ಕೀಲಿಗಳ ಮೇಲೆ ಕೈಯಿಟ್ಟು ಕೇಳಿದರು, "ಇವತ್ತಿನ ತಾರೀಕು ಹಾಕ್ದೆ. ಇನ್ನೇನು ಬರೀಲಿ?"

ಕಣಾರೇಟ್ಟ ಯೋಚಿಸಿದರು. "ಬಿಳಿ ನೂಲು ಮುಗಿದಿದೆಯಂತೆ. ಒಂದು ಉಂಡೆ ತಗೊಂಡು ಗುರುವಾರ ಹೋಗಬೇಕು ಅಂತ ಬರಿ."